ಮರೆವಿನ ಅಳತೆ

ಕೇವಲ ಸಂಸ್ಕಾರದಿಂದ ಹುಟ್ಟುವ ಜ್ಞಾನವೇ ಸ್ಮೃತಿಯೆಂದು ನಮ್ಮ ತಾರ್ಕಿಕರು ಲಕ್ಷಣವನ್ನು ಹೇಳಿರುವರು. ಆ ಸಂಸ್ಕಾರವು ದಿನಗಳೆದಂತೆ ಎಷ್ಟು ಉಳಿಯುವುದು, ಎಷ್ಟು ಅಳಿಯುವುದು ಎಂಬುದನ್ನು ಅಂಕೆಗಳಿಂದ ಅಳೆದು ತೋರಿಸಿದ ಕೀರ್ತಿಯಾದರೋ ಜರ್ಮನಿ ದೇಶದ ಹರ್ಮನ್ ಎಬಿಂಗ್‌ಹೌಸನಿಗೆ ಸಲ್ಲತಕ್ಕದ್ದು.

ಈತನು 1850ರಲ್ಲಿ ಬಾರ್ಮೆನ್ ಪಟ್ಟಣದಲ್ಲಿ ಜನಿಸಿ, 1873ರಲ್ಲಿ ಬಾನ್ ವಿಶ್ವವಿದ್ಯಾಲಯದಿಂದ ಡಾಕ್ಟರ್ ಪದವಿಯನ್ನು ಪಡೆದನು. ಇಂದ್ರಿಯಾನುಭವಗಳನ್ನು ಗಣಿತದಿಂದ ಅಳೆಯಬಹುದೆಂದು ಪ್ರತಿಪಾದಿಸಿ 1860ರಲ್ಲಿ ಫೆಖ್ನರನು ಪ್ರಕಟಿಸಿದ್ದ ಗ್ರಂಥವನ್ನೋದಿದ ಮೇಲೆ, ಇಂದ್ರಿಯಕ್ಕೆ ಒಪ್ಪುವ ಅಳತೆಯು ಸ್ಮೃತಿಗೂ ಏಕೆ ಒಪ್ಪಬಾರದೆಂಬ ವಿಚಾರವು ಆತನಲ್ಲಿ ಬಲವಾಯಿತು. ತಾನೇ ಪರೀಕ್ಷಕನೂ ತಾನೇ ಪರೀಕ್ಷೆಗೊಳಗಾದವನೂ ಆಗಿ, 1879–80ರಲ್ಲಿಯೂ ಮರಳಿ 1883–84ರಲ್ಲಿಯೂ ಆತನು ಪ್ರಯೋಗಗಳನ್ನು ನಡೆಸಿದನು.

ಅರ್ಥವುಳ್ಳ ಮಾತು ಪೂರ್ವಪರಿಚಯದ ಬಲದಿಂದ ಬೇಗನೆ ಮನಸ್ಸಿನಲ್ಲಿ ನಿಲ್ಲುವುದಷ್ಟೆ. ಆದಕಾರಣ ಎರಡು ವ್ಯಂಜನಗಳ ನಡುವೆ ಒಂದು ಸ್ವರವನ್ನಿಟ್ಟು, ಸುಮಾರು 2300 ಅರ್ಥಹೀನ ಶಬ್ದಗಳನ್ನು ಕಲ್ಪಿಸಿಕೊಂಡು, ಅವುಗಳ ಸಾಲುಗಳನ್ನು ತಪ್ಪಿಲ್ಲದೆ ಒಪ್ಪಿಸುವವರೆಗೂ ಓದುತ್ತಿದ್ದನು. ಕೆಲವು ಕಾಲದ ಮೇಲೆ ಅದೇ ಸಾಲನ್ನು ಪುನಃ ಕಲಿಯುವಾಗ ಮೊದಲಿಗಿಂತ ಎಷ್ಟು ಶ್ರಮವು ಉಳಿಯಿತೋ ಅಷ್ಟೇ ಸ್ಮೃತಿಯ ಶೇಷವೆಂದು ಎಣಿಸಿದನು. 20 ನಿಮಿಷಗಳ ತರುವಾಯ ನೂರಕ್ಕೆ 58 ಪಾಲು, ಒಂದು ಗಂಟೆಯ ತರುವಾಯ 44, ಒಂದು ದಿನಕ್ಕೆ 34, ಆರು ದಿನಗಳಿಗೆ 25, ಒಂದು ತಿಂಗಳಿಗೆ 21 ಪಾಲು ಉಳಿದಿದ್ದಿತು. ಮರೆವು ಮೊದಲ ಗಂಟೆಯಲ್ಲಿಯೇ ಕೊಳ್ಳೆಹೊಡೆದು, ಆಮೇಲೆ ಮೆಲ್ಲಗಾಗುವುದೆಂಬ ನಿಯಮವು ಇದರಿಂದ ಗೊತ್ತಾಯಿತು. ಈ ಫಲಿತಾಂಶಗಳೆಲ್ಲವೂ 1885ರಲ್ಲಿ ಗ್ರಂಥರೂಪವಾಗಿ ಹೊರಬಿದ್ದವು.

ಇನ್ನೆರಡು ಸಂಗತಿಗಳು ಗಮನಾರ್ಹವಾಗಿವೆ. ಬೈರನ್ ಕವಿಯ ಎಂಬತ್ತು ಅಕ್ಷರಗಳಷ್ಟಿದ್ದ ಪದ್ಯವೊಂದಕ್ಕೆ ಸುಮಾರು 9 ಆವೃತ್ತಿಗಳು ಸಾಕಾದರೆ, ಅಷ್ಟೇ ಉದ್ದದ ಅರ್ಥಹೀನ ಸಾಲಿಗೆ 70–80 ಆವೃತ್ತಿಗಳು ಬೇಕಾಗುವುದೆಂದು ಕಂಡನು. ಒಂದೇ ದಿನದ 68 ಆವೃತ್ತಿಗಳ ಫಲವು ಮೂರು ದಿನಗಳಿಗೆ ಹಂಚಿದ 38 ಆವೃತ್ತಿಗಳಿಂದಲೇ ದೊರೆಯಿತು. ಹೊಸ ಪಾಠಕ್ಕೆ ಮೊದಲು ಹಳೆಯದನ್ನು ದಿನವೂ ಆವರ್ತನೆ ಮಾಡಿಸುವ ಪಾಠಶಾಲೆಗಳ ಕ್ರಮಕ್ಕೆ ಇದು ಸಮರ್ಥನೆಯಾಗಿದೆ.

ಒಬ್ಬನ ಅನುಭವವು ಸರ್ವರಿಗೂ ಪ್ರಮಾಣವೇ ಎಂದು ಶಂಕಿಸಬಹುದು. ಜನರು ಕೇಳಿದ ಕಥೆಯನ್ನು ತಮ್ಮ ಸಂಸ್ಕಾರಕ್ಕೆ ತಕ್ಕಂತೆ ಮಾರ್ಪಡಿಸಿ ನೆನೆಯುವರೆಂದು ಕೇಂಬ್ರಿಜ್ಜಿನ ಬಾರ್ಟ್ಲೆಟ್ಟನು 1932ರಲ್ಲಿ ತೋರಿಸಿ, ಅರ್ಥಹೀನ ಶಬ್ದಗಳ ಮಾರ್ಗವನ್ನು ಆಕ್ಷೇಪಿಸಿದನು. ಆ ಆಕ್ಷೇಪಣೆಯಲ್ಲಿ ಸತ್ತ್ವವಿಲ್ಲದಿಲ್ಲ. ಆದರೂ ಆಮ್ಸ್ಟರ್‌ಡಾಮಿನ ವಿದ್ವಾಂಸರು ಅದೇ ಪ್ರಯೋಗವನ್ನು ಮರಳಿ ನಡೆಸಿ 2015ರಲ್ಲಿ ಪ್ರಕಟಿಸಿದಾಗ, ಮರೆವಿನ ರೇಖೆಯು ಬಹುಮಟ್ಟಿಗೆ ಮೊದಲಿನಂತೆಯೇ ಕಂಡುಬಂದಿತು.

ಎಬಿಂಗ್‌ಹೌಸನು 1909ರಲ್ಲಿ ಹಾಲೆ ನಗರದಲ್ಲಿ ತೀರಿಕೊಂಡನು. ನಿನ್ನೆಯ ಪಾಠವನ್ನು ಇಂದು ಮರೆತ ಬಾಲಕನನ್ನು ಮಂದಮತಿಯೆಂದು ಜರೆದು ದಂಡಿಸುವ ವಾಡಿಕೆಯು ಎಲ್ಲ ದೇಶಗಳಲ್ಲಿಯೂ ಇದ್ದಿತು. ಅತ್ಯಂತ ಶ್ರದ್ಧೆಯಿಂದ ಕಲಿತ ಈ ಪಂಡಿತನಿಗೂ ಒಂದು ದಿನದೊಳಗೆ ಮೂರರಲ್ಲೆರಡು ಪಾಲು ಜಾರಿಹೋಯಿತೆಂಬುದನ್ನು ಹಿರಿಯರು ನೆನೆದರೆ, ಬೆತ್ತವನ್ನು ಬದಿಗಿಟ್ಟು, ಅಂದಿನ ಪಾಠವನ್ನು ಅಂದಿನ ಸಂಜೆಯೇ ಮಗುವಿನೊಡನೆ ಮತ್ತೊಮ್ಮೆ ಓದುವುದು ಲೇಸೆಂದು ತಿಳಿದುಬರುವುದು.