ಶಾನುಭೋಗರ ದಫ್ತರ ಈಗ ಎಲ್ಲಿದೆ?

ಕನಕಪುರ ತಾಲ್ಲೂಕಿನ ಕೋಡಿಹಳ್ಳಿ ಹೋಬಳಿಯ ರೈತ ಪಹಣಿ ಕೇಳಲು ಹೋದಾಗ ಕಿವಿಗೆ ಬೀಳುವ ಮಾತು ಬದಲಾಗಿದೆ. ಹಿಂದೆ 'ಶಾನುಭೋಗರು ಊರಲ್ಲಿಲ್ಲ' ಎನ್ನುತ್ತಿದ್ದರು, ಈಗ 'ಸರ್ವರ್ ಇಲ್ಲ' ಎನ್ನುತ್ತಾರೆ. ಈ ಎರಡು ಮಾತುಗಳ ನಡುವೆ ಒಂದು ಚರಿತ್ರೆಯಿದೆ. ದಾಖಲೆ ಒಂದು ಕಡೆ, ಅದನ್ನು ತೆರೆದು ಓದುವವರು ಇನ್ನೊಂದು ಕಡೆ ಆದ ಚರಿತ್ರೆ ಅದು.

ಹಳೇ ಮೈಸೂರಿನಲ್ಲಿ ಲೆಕ್ಕಪತ್ರ ಇರುತ್ತಿದ್ದುದು ಕಡತದಲ್ಲಿ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯಲೂ ಬರುತ್ತಿತ್ತು. ಕಾಗದ ಬಂದ ಮೇಲೂ ದಫ್ತರ ಶಾನುಭೋಗರ ಮನೆಯಲ್ಲೇ ಉಳಿಯಿತು. ಹುದ್ದೆ ವಂಶಪಾರಂಪರ್ಯವಾಗಿದ್ದರಿಂದ ಊರಿನ ಜಮೀನಿನ ನೆನಪೆಲ್ಲ ಒಂದು ಮನೆತನದ ಸೊತ್ತಿನಂತಿತ್ತು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ಈ ಗಂಟನ್ನು ಸಡಿಲಿಸಿತು. ಸಂಬಳದ ಗ್ರಾಮಲೆಕ್ಕಿಗರು ಬಂದರು. ಆದರೆ ಪುಸ್ತಕ ಇನ್ನೂ ಒಬ್ಬರ ಕೈಯಲ್ಲೇ ಇತ್ತು.

ಅದನ್ನು ಕೈಯಿಂದ ಬಿಡಿಸಿದ್ದು 'ಭೂಮಿ' ಯೋಜನೆ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದೆ ನಿಂತು ನಡೆಸಿದ ಈ ಕೆಲಸದಲ್ಲಿ ಸುಮಾರು 9,000 ಗ್ರಾಮಲೆಕ್ಕಿಗರ ಬಳಿಯಿದ್ದ, 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು. 2002ರ ಹೊತ್ತಿಗೆ 177 ತಾಲ್ಲೂಕು ಕೇಂದ್ರಗಳಲ್ಲಿ 15 ರೂಪಾಯಿಗೆ ಪಹಣಿ ಸಿಗುತ್ತಿತ್ತು. ಆಗ ದತ್ತಾಂಶ ತಾಲ್ಲೂಕು ಕಚೇರಿಯ ಯಂತ್ರದೊಳಗೇ ಇತ್ತು. ಯಂತ್ರ ಕೆಟ್ಟರೆ ಆ ತಾಲ್ಲೂಕಿನ ಪಹಣಿಯೂ ನಿಂತಂತೆ. ಶಾನುಭೋಗರ ಜಾಗದಲ್ಲಿ ಒಂದು ಪೆಟ್ಟಿಗೆ ಕೂತಿತ್ತು, ಅಷ್ಟೇ.

ಈ ತೊಡಕು ಕಂಪ್ಯೂಟರ್ ಲೋಕಕ್ಕೆ ಹಳೆಯದು. 1972ರಲ್ಲಿ ಐಬಿಎಂನ ವಿಎಂ/370 ಒಂದೇ ದೊಡ್ಡ ಯಂತ್ರವನ್ನು ಹಲವು ಯಂತ್ರಗಳಂತೆ ಕಾಣಿಸಿ, ಒಂದೊಂದಕ್ಕೂ ಡಿಸ್ಕಿನ ಒಂದು ಪಾಲು ಕೊಟ್ಟಿತು. 1984ರಲ್ಲಿ ಸನ್ ಕಂಪನಿ ದೂರದ ಯಂತ್ರದ ಕಡತಗಳನ್ನು ನೆಟ್‌ವರ್ಕ್ ಮೂಲಕ ತೆರೆಯುವ ಎನ್‌ಎಫ್‌ಎಸ್ ತಂದಿತು. ಸಾಮಾನ್ಯ ನೆಟ್‌ವರ್ಕಿನ ಮೇಲೇ ಇಡೀ ಡಿಸ್ಕನ್ನು ಒದಗಿಸುವ ಐಸ್ಕಸಿ 2004ರಲ್ಲಿ ಮಾನಕವಾಯಿತು. 2008ರಲ್ಲಿ ಅಮೆಜಾನ್ ತನ್ನ ಕ್ಲೌಡ್‌ನಲ್ಲಿ ಇಂಥ ಡಿಸ್ಕುಗಳನ್ನು ಬಾಡಿಗೆಗೆ ಕೊಡತೊಡಗಿತು.

ಇದಕ್ಕೆ ವಾಲ್ಯೂಮ್ ಎಂದು ಹೆಸರು. ಸಂಗ್ರಹದಿಂದ ಬೇಕಾದಷ್ಟು ಜಾಗ ಕತ್ತರಿಸಿ, ವರ್ಚುವಲ್ ಮಷೀನ್‌ಗೆ ನೆಟ್‌ವರ್ಕ್ ಮೂಲಕ ಜೋಡಿಸುತ್ತಾರೆ. ಹೊಸತಾಗಿದ್ದರೆ ಒಮ್ಮೆ ಮಾತ್ರ ಫಾರ್ಮ್ಯಾಟ್ ಮಾಡುತ್ತಾರೆ. ತುಂಬಿದ ವಾಲ್ಯೂಮನ್ನು ಫಾರ್ಮ್ಯಾಟ್ ಮಾಡಿದರೆ ಕಡತ ಒರೆಸಿದಂತೆಯೇ. ಆಮೇಲೆ ಒಂದು ಫೋಲ್ಡರಿಗೆ ಮೌಂಟ್ ಮಾಡುತ್ತಾರೆ. ಮಷೀನ್ ಸತ್ತರೆ ವಾಲ್ಯೂಮ್ ಬಿಚ್ಚಿ ಇನ್ನೊಂದಕ್ಕೆ ಸಿಕ್ಕಿಸಿದರಾಯಿತು, ಬರೆದದ್ದು ಹಾಗೇ ಇರುತ್ತದೆ. ಸಾಮಾನ್ಯ ಫೈಲ್ ವ್ಯವಸ್ಥೆಯಿದ್ದರೆ ಎರಡು ಮಷೀನ್‌ಗಳಿಗೆ ಒಟ್ಟಿಗೆ ಬರೆಯಲು ಕೊಡಬಾರದು. ಒಂದೇ ಪುಟದ ಮೇಲೆ ಇಬ್ಬರು ಲೆಕ್ಕಿಗರು ಒಬ್ಬರನ್ನೊಬ್ಬರು ನೋಡದೆ ಬರೆದರೆ ಆಗುವ ಗತಿಯೇ ಆಗುತ್ತದೆ.

ಭೂಮಿಯ ದತ್ತಾಂಶವೂ ಮುಂದೆ ತಾಲ್ಲೂಕು ಬಿಟ್ಟು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರ ಸೇರಿತು. 2007ರಲ್ಲಿ ರಾಮನಗರ ಜಿಲ್ಲೆಯಾಗಿ ಕನಕಪುರ ಅದಕ್ಕೆ ಸೇರಿದಾಗ ಕೋಡಿಹಳ್ಳಿಯ ಜಿಲ್ಲಾ ಕೇಂದ್ರ ಬದಲಾಯಿತು, ಪಹಣಿಯ ಮನೆ ಮಾತ್ರ ರಾಜಧಾನಿಯೇ ಆಯಿತು. ಲಾಭ ಸ್ಪಷ್ಟ: ಯಾವ ಕೇಂದ್ರದಲ್ಲಾದರೂ ಪಹಣಿ ಸಿಗುತ್ತದೆ, ಪುಟ ಹರಿಯುವುದಿಲ್ಲ. ಆದರೆ ದೂರದಿಂದ ನೋಡಲು ಬಂದರೆ ಅದು ಎಲ್ಲರಿಗೂ ಒಂದೇ ಬಗೆಯ ಅನುಕೂಲವಲ್ಲ. 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ತಮ್ಮ ಅಧ್ಯಯನದಲ್ಲಿ, ದಾಖಲೆಯ ಕೇಂದ್ರೀಕರಣ ಬೆಂಗಳೂರಿನ ಸುತ್ತ ದೊಡ್ಡ ಭೂಖರೀದಿದಾರರಿಗೆ ನೆರವಾಯಿತು ಎಂದು ವಾದಿಸಿದರು. ಬೆಂಗಳೂರಿಗೆ ಹತ್ತಿರದ ಕನಕಪುರದವರು ಆ ಮಾತನ್ನು ತಳ್ಳಿಹಾಕುವುದು ಕಷ್ಟ.

ಇನ್ನೊಂದು ಮಾತು. ವಾಲ್ಯೂಮಿಗೆ ಹಲವು ಪ್ರತಿಗಳಿರುತ್ತವೆ, ಒಂದು ಡಿಸ್ಕ್ ಹೋದರೂ ದತ್ತಾಂಶ ಉಳಿಯುತ್ತದೆ. ಆದರೆ ಪಹಣಿ ಟೈಪು ಮಾಡುವಾಗ ಅಪ್ಪನ ಹೆಸರು ತಪ್ಪಿದ್ದರೆ, ಆ ತಪ್ಪೂ ಎಲ್ಲ ಪ್ರತಿಗಳಲ್ಲಿ ಅಷ್ಟೇ ಭದ್ರ. ತಿದ್ದಬೇಕಾದರೆ ಹಳೆಯ ಪುಸ್ತಕವೇ ಬೇಕು. 2024ರಲ್ಲಿ ಶುರುವಾದ ಭೂಸುರಕ್ಷಾ ಯೋಜನೆಯಡಿ ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಈಗ ಸ್ಕ್ಯಾನ್ ಮಾಡುತ್ತಿದ್ದಾರೆ. ಕೋಡಿಹಳ್ಳಿಯ ರೈತನ ಹಕ್ಕು ಕೊನೆಗೂ ನಿಂತಿರುವುದು ಆ ಮಾಸಿದ ಹಾಳೆಯ ಮೇಲೆ. ಸ್ಕ್ಯಾನ್ ಆದ ಮೇಲೂ ಅದನ್ನು ರದ್ದಿಗೆ ಹಾಕದೆ ಕಾಯುವುದು ಒಳ್ಳೆಯದು.