ದಲ್ಲಾಳಿಯ ಕೂಲಿ, ಚಾಲಕನ ಬಾಕಿ

ಹೆದ್ದಾರಿ ಬದಿಯ ಯಾವುದಾದರೂ ಲಾರಿ ಬುಕಿಂಗ್ ಆಫೀಸಿನಲ್ಲಿ ಅರ್ಧ ಗಂಟೆ ಕುಳಿತರೆ ನಾಲ್ಕಾರು ಅರಬಿ ಪದಗಳು ಕಿವಿಗೆ ಬೀಳುತ್ತವೆ. ಸರಕು ಹೊರುವವರು ಹಮಾಲಿಗಳು. ಅರಬಿಯ ‘ಹಮ್ಮಾಲ್’ ಎಂದರೆ ಹೊರೆ ಹೊರುವವನು. ಉತ್ತರ ಕರ್ನಾಟಕದವರು ಬಾಡಿಗೆಯನ್ನು ಕಿರಾಯಿ ಎನ್ನುತ್ತಾರೆ. ಅದರ ಮೂಲ ‘ಕಿರಾ’. ದಲ್ಲಾಳಿ ಎಂಬುದು ‘ದಲ್ಲಾಲ್’, ಅಂದರೆ ದಾರಿ ತೋರಿಸುವವನು. ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ಬಾಕಿ ಎಂಬ ಪದವೂ ಅರಬಿಯದ್ದೇ. ಒಂಟೆಗಳು ಹೋಗಿ ಲಾರಿಗಳು ಬಂದರೂ ಮಾತು ಹಳೆಯದೇ ಉಳಿಯಿತು. ಜಗಳವೂ ಹಳೆಯದೇ.

ಈ ಬಗ್ಗೆ ಜುಮಾ ಖುತ್ಬಾದಲ್ಲಿ ಸಂಕ್ಷಿಪ್ತವಾಗಿ ಹೇಳಿದ್ದೆವು. ಇತಿಹಾಸದ ಭಾಗಕ್ಕೆ ಮಿಂಬರಿನಲ್ಲಿ ಸಮಯ ಸಾಲಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ. ಇದಕ್ಕೆ ಕಾರಣ ನಮ್ಮ ಮಸೀದಿಗೆ ಬರುವ ಒಬ್ಬ ಲಾರಿ ಚಾಲಕರ ಪ್ರಶ್ನೆ. ಅಡಿಕೆ ತುಂಬಿಕೊಂಡು ಗುಜರಾತಿಗೆ ಹೋಗಿ, ಮೊರ್ಬಿಯಿಂದ ಟೈಲ್ಸ್ ಹೇರಿಕೊಂಡು ಮರಳಿದ ಅವರಿಗೆ ಏಳು ತಿಂಗಳಾದರೂ 11,000 ರೂಪಾಯಿ ಬಾಕಿ ಬಂದಿರಲಿಲ್ಲ. ಆದರೆ ಅವರು ಕೇಳಿದ್ದು ಅದನ್ನಲ್ಲ. “ಉಸ್ತಾದರೇ, ಪಾರ್ಟಿ ಆಫೀಸಿಗೆ ಎಷ್ಟು ಬಾಡಿಗೆ ಕೊಟ್ಟಿದ್ದಾರೆ ಅಂತ ನನಗೆ ಗೊತ್ತಾಗಬಾರದಾ? ಎಲ್‌ಆರ್‌ನಲ್ಲಿ ನೋಡಿದರೆ ‘ಟು ಬಿ ಬಿಲ್ಡ್’ ಅಂತ ಮಾತ್ರ ಇರುತ್ತೆ” ಎಂದರು.

ಪ್ರವಾದಿವರ್ಯರ(ಸ) ಮದೀನಾದಲ್ಲಿ ದಲ್ಲಾಳಿಗಳಿದ್ದರು. ಪಾರ್ಸಿಯಿಂದ ಬಂದ ‘ಸಿಮ್‌ಸಾರ್’ ಎಂಬ ಪದದಿಂದ ಅವರನ್ನು ಕರೆಯುತ್ತಿದ್ದರು. ಕೈಸ್ ಬಿನ್ ಅಬೀ ಗರಝ(ರ) ಎಂಬ ಸಹಾಬಿ ಆ ಗುಂಪಿಗೆ ಸೇರಿದವರು. ಒಂದು ದಿನ ಪ್ರವಾದಿವರ್ಯರು(ಸ) ತಮ್ಮ ಬಳಿಗೆ ಬಂದು, ಅದಕ್ಕಿಂತ ಒಳ್ಳೆಯ ಹೆಸರಿನಿಂದ, ವರ್ತಕರೇ ಎಂದು ಸಂಬೋಧಿಸಿದರೆಂದು ಅವರು ನೆನಪಿಸಿಕೊಳ್ಳುತ್ತಾರೆ. ವ್ಯಾಪಾರದಲ್ಲಿ ಬೇಡದ ಮಾತು, ಆಣೆ ಪ್ರಮಾಣಗಳು ಸೇರಿಕೊಳ್ಳುತ್ತವೆ, ಆದ್ದರಿಂದ ಅದರ ಜೊತೆ ದಾನವನ್ನೂ ಬೆರೆಸಿರಿ ಎಂಬುದು ಅಂದಿನ ಉಪದೇಶದ ಸಾರ. ಅಬೂದಾವೂದ್ ಮತ್ತು ತಿರ್ಮಿದಿ ಇದನ್ನು ದಾಖಲಿಸಿದ್ದಾರೆ. ವೃತ್ತಿಯನ್ನು ಬಿಡಿರಿ ಎಂದು ಅವರಿಗೆ ಹೇಳಲಿಲ್ಲ ಎಂಬುದನ್ನು ಗಮನಿಸಬೇಕು. ದಲ್ಲಾಳಿ ದುಡ್ಡೆಲ್ಲ ಹರಾಮ್ ಎಂದು ಚಹಾದಂಗಡಿಯಲ್ಲಿ ಫತ್ವಾ ಕೊಡುವವರಿಗಾಗಿ ಈ ಮಾತು.

ಅದೇ ಪೇಟೆಗೆ ಸಂಬಂಧಿಸಿದ ಇನ್ನೊಂದು ನಿರ್ಬಂಧವಿದೆ. ಹೊರೆ ಹೇರಿಕೊಂಡು ಬರುವ ಕಾಫಿಲಾವನ್ನು ಊರ ಹೊರಗೇ ಎದುರುಗೊಂಡು ಖರೀದಿಸಬಾರದು. ದಿನಗಟ್ಟಲೆ ಮರುಭೂಮಿಯಲ್ಲಿ ನಡೆದು ಬಂದವನಿಗೆ ಊರಿನ ದರ ಗೊತ್ತಿರುವುದಿಲ್ಲ. ಎದುರುಗೊಂಡವನಿಗೆ ಗೊತ್ತಿರುತ್ತದೆ. ಸಹೀಹ್ ಮುಸ್ಲಿಮ್‌ನ ವರದಿಯ ಪ್ರಕಾರ, ಹಾಗೆ ಮಾರಿದವನು ಪೇಟೆ ತಲುಪಿದ ಮೇಲೆ ಆ ವ್ಯವಹಾರವನ್ನು ರದ್ದುಪಡಿಸಬಹುದು. ದೂರದಿಂದ ಬಂದವನ ಅಜ್ಞಾನವನ್ನು ಬಂಡವಾಳ ಮಾಡಿಕೊಂಡ ಒಪ್ಪಂದವನ್ನು ಹದಿನಾಲ್ಕು ಶತಮಾನಗಳ ಹಿಂದೆಯೇ ಪ್ರಶ್ನಿಸಬಹುದಾಗಿತ್ತು. ಪಟ್ಟಣದವನು ಹಳ್ಳಿಗಾಡಿನವನ ಪರವಾಗಿ ಮಾರಬಾರದು ಎಂದೂ ಇದೆ. ದಲ್ಲಾಳಿಯಾಗಬಾರದು ಎಂಬುದೇ ಅದರ ಅರ್ಥವೆಂದು ಇಬ್ನ್ ಅಬ್ಬಾಸ್(ರ) ವಿವರಿಸಿದರು. ಅಲ್ಲಿ ರಕ್ಷಣೆ ಸಿಗುವುದು ಪೇಟೆಯಲ್ಲಿ ಕೊಳ್ಳುವ ಜನರಿಗೆ.

ಹಾಗಾದರೆ ದಲ್ಲಾಳಿ ಎಷ್ಟು ಇಟ್ಟುಕೊಳ್ಳಬಹುದು? ಇಮಾಮ್ ಬುಖಾರಿ(ರ) ತಮ್ಮ ಸಂಗ್ರಹದಲ್ಲಿ ದಲ್ಲಾಳಿಯ ಕೂಲಿಗೆಂದೇ ಒಂದು ಅಧ್ಯಾಯ ಇಟ್ಟಿದ್ದಾರೆ. ಇಬ್ನ್ ಸೀರೀನ್, ಅತಾ, ಇಬ್ರಾಹೀಮ್, ಹಸನ್ ಮುಂತಾದವರು ಆ ಕೂಲಿಯಲ್ಲಿ ತಪ್ಪು ಕಾಣಲಿಲ್ಲ. ಈ ಬಟ್ಟೆಯನ್ನು ಮಾರು, ಇಂತಿಷ್ಟಕ್ಕಿಂತ ಹೆಚ್ಚು ಬಂದದ್ದು ನಿನಗೆ ಎಂದು ಹೇಳಿದರೂ ಅಡ್ಡಿಯಿಲ್ಲ ಎಂಬ ಇಬ್ನ್ ಅಬ್ಬಾಸರ(ರ) ಅಭಿಪ್ರಾಯವೂ ಅಲ್ಲಿದೆ. ಲಾರಿ ಆಫೀಸಿನವರು ಇದನ್ನು ಕೇಳಿ ಸಂತೋಷಪಡಬಹುದು. ಅವರು ಇಟ್ಟುಕೊಳ್ಳುವುದೂ ನಡುವಿನ ಹೆಚ್ಚುವರಿ ಹಣವನ್ನೇ ಅಲ್ಲವೇ? ಆದರೆ ಆ ಬಟ್ಟೆಯ ಮಾಲೀಕನೇ ಬಾಯಿಬಿಟ್ಟು ‘ಹೆಚ್ಚು ಬಂದದ್ದು ನಿನಗೆ’ ಎಂದಿದ್ದಾನೆ. ಮಾತು ಮೊದಲೇ ಆಗಿದೆ. ಇಷ್ಟಾದರೂ ಅನೇಕ ಫುಕಹಾಗಳು ಇದಕ್ಕೆ ಹಿಂಜರಿದರು. ಕೂಲಿ ಎಷ್ಟೆಂದು ತಿಳಿಯದೆ ಒಪ್ಪಂದ ಹೇಗೆ ಎಂಬುದು ಅವರ ತಕರಾರು. ಹನಫೀ ವಿದ್ವಾಂಸರಂತೂ ದಲ್ಲಾಳಿ ಕೂಲಿಯನ್ನು ಮೂಲ ನಿಯಮದ ಪ್ರಕಾರ ದೋಷಪೂರ್ಣವೆಂದೇ ಕಂಡರು. ನಂತರ ಜನರಿಗೆ ಅದರ ಅಗತ್ಯವಿದೆ, ಎಲ್ಲೆಡೆ ರೂಢಿಯಲ್ಲಿದೆ ಎಂದು ಅನುಮತಿಸಿದರು. ಹಮ್ಮಾಮಿಗೆ ಹೋದವನು ಎಷ್ಟು ನೀರು ಸುರಿದುಕೊಳ್ಳುತ್ತಾನೆಂದು ಲೆಕ್ಕವಿಡದೆ ಹಣ ಪಡೆಯುವುದನ್ನು ಒಪ್ಪಿದ ಹಾಗೆ. ಅಂದರೆ ದಲ್ಲಾಳಿಗೆ ಸಿಕ್ಕಿದ್ದು ಸಮಾಜದ ಅಗತ್ಯ ನೋಡಿ ಕೊಟ್ಟ ರಿಯಾಯಿತಿ.

ಹೊರೆಯ ವಿಷಯದಲ್ಲಿ ಮಾತ್ರ ಅವರು ರಿಯಾಯಿತಿ ತೋರಲಿಲ್ಲ. ಪ್ರಾಣಿಗಳನ್ನು ಬಾಡಿಗೆಗೆ ಬಿಡುವವನನ್ನು ‘ಮುಕಾರೀ’ ಎನ್ನುತ್ತಿದ್ದರು. ಇಂದಿನ ಲಾರಿ ಮಾಲೀಕ ಎಂದುಕೊಳ್ಳಿ. ನಿಗದಿಪಡಿಸಿದ ಹೊರೆಗಿಂತ ಹೆಚ್ಚು ಹೇರಿ ಪ್ರಾಣಿ ಸತ್ತರೆ, ಆ ಹೆಚ್ಚುವರಿ ಭಾರದ ಪಾಲಿನಷ್ಟು ನಷ್ಟವನ್ನು ಹೇರಿಸಿದವನೇ ಭರಿಸಬೇಕು. ಅದಕ್ಕೆ ತಾಳಲಾರದಷ್ಟು ಹೇರಿದ್ದರೆ ಪೂರ್ತಿ ಬೆಲೆ ಕೊಡಬೇಕು. ಒಂಟೆಗೆ ಮಿತಿಮೀರಿ ಹೇರಿದವನೊಬ್ಬನಿಗೆ ಖಲೀಫಾ ಉಮರ್(ರ) ಏಟು ಕೊಟ್ಟರೆಂದು ಇಬ್ನ್ ಸಅದ್ ಬರೆದಿದ್ದಾರೆ. ಇಂದು ನಮ್ಮಲ್ಲಿ 2019ರ ತಿದ್ದುಪಡಿಯ ನಂತರ ಓವರ್‌ಲೋಡಿಗೆ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000ದಂತೆ ದಂಡವಿದೆ. ‘ಎರಡು ಟನ್ ಜಾಸ್ತಿ ಹಾಕಿಕೊಂಡು ಹೋಗಪ್ಪಾ’ ಎಂದವರು ಆ ಹೊತ್ತಿಗೆ ಫೋನ್ ಎತ್ತುವುದಿಲ್ಲ.

ಕಾನೂನಿನ ಇತಿಹಾಸವನ್ನು ಎರಡು ಮಾತಿನಲ್ಲಿ ಮುಗಿಸುತ್ತೇವೆ. ಬ್ರಿಟಿಷರ ಕಾಲದ 1865ರ ಕ್ಯಾರಿಯರ್ಸ್ ಕಾಯಿದೆಯ ಜಾಗಕ್ಕೆ 2007ರ ರಸ್ತೆ ಸಾಗಣೆ ಕಾಯಿದೆ ಬಂತು, 2011ರಲ್ಲಿ ಜಾರಿಯಾಯಿತು. ಅದರಲ್ಲಿ ಬುಕಿಂಗ್ ಕಂಪನಿ, ಏಜೆಂಟ್, ಬ್ರೋಕರ್ ಎಲ್ಲರೂ ಸಾಗಣೆದಾರರ ಲೆಕ್ಕಕ್ಕೇ ಬರುತ್ತಾರೆ. ಆದರೆ ಕಾಯಿದೆಯ ಕಣ್ಣು ಹೆಚ್ಚಾಗಿ ಸರಕಿನ ಮೇಲಿದೆ. ಸರಕು ತಲುಪಿಸಿದವನ ಬಾಕಿ ಅಂಗಡಿಯ ನೋಟ್‌ಪುಸ್ತಕದಲ್ಲೇ ಉಳಿಯುತ್ತದೆ.

ದಲ್ಲಾಳಿಯ ಕಷ್ಟವನ್ನೂ ಹೇಳದಿದ್ದರೆ ನ್ಯಾಯವಾಗದು. ಲೋಡ್ ಆದ ದಿನವೇ ಡೀಸೆಲಿಗೆಂದು ಅಡ್ವಾನ್ಸ್ ಕೊಡುವುದು ಅವನು. ಪಾರ್ಟಿಯಿಂದ ಅವನ ಹಣ ಬರಲು ಎರಡು ಮೂರು ತಿಂಗಳಾಗಬಹುದು. ಒಪ್ಪಿಕೊಂಡ ಲೋಡ್ ಬಿಟ್ಟು ಸಾವಿರ ರೂಪಾಯಿ ಹೆಚ್ಚು ಸಿಕ್ಕಿತೆಂದು ಬೇರೆ ಕಡೆ ಹೋಗುವ ಚಾಲಕರಿದ್ದಾರೆ. ದಾರಿಯಲ್ಲಿ ಸರಕು ಕಡಿಮೆಯಾದರೆ ಮೊದಲು ಹಿಡಿಯುವುದು ಆಫೀಸಿನವನನ್ನೇ. ಭಾಷೆ ಗೊತ್ತಿಲ್ಲದ ಊರಿನಲ್ಲಿ ಖಾಲಿ ಲಾರಿ ನಿಲ್ಲಿಸಿಕೊಂಡ ಚಾಲಕನಿಗೆ ರಿಟರ್ನ್ ಲೋಡ್ ಹುಡುಕಿ ಕೊಡುವವನು ನಿಜಕ್ಕೂ ದಾರಿ ತೋರಿಸುವವನೇ. ಆದರೆ ಆ ಚಾಲಕ ಊರ ಹೊರಗೆ ಸಿಕ್ಕಿದ ಕಾಫಿಲಾದವನೂ ಹೌದು. ದರ ಗೊತ್ತಿಲ್ಲ, ಕಾಯಲು ದುಡ್ಡಿಲ್ಲ.

ಆದ್ದರಿಂದ ಚಾಲಕರಿಗೆ ಹೀಗೆ ಉತ್ತರಿಸಿದೆವು: ಆಫೀಸಿನವರು ನಿಮ್ಮ ಪರವಾಗಿ ಬಾಡಿಗೆ ಮಾತಾಡಿ ಕಮಿಷನ್ ಪಡೆಯುವವರಾದರೆ, ಬಂದದ್ದೆಷ್ಟೆಂದು ಕೇಳುವ ಹಕ್ಕು ನಿಮಗಿದೆ, ಮುಚ್ಚಿಟ್ಟು ಉಳಿಸಿಕೊಂಡದ್ದು ಅವರಿಗೆ ಸಲ್ಲದು. ಪಾರ್ಟಿಯಿಂದ ತಾವೇ ಗುತ್ತಿಗೆ ಹಿಡಿದು, ಲಾಭನಷ್ಟ ತಮ್ಮದೆಂದು ನಿಮಗೆ ಹೇಳಿ, ಬೇರೆ ದರಕ್ಕೆ ಲಾರಿ ಗೊತ್ತು ಮಾಡಿದ್ದರೆ ಅದು ಬೇರೆ ವ್ಯವಹಾರ. ಆಗಲೂ ಸುಳ್ಳು ದರ ಹೇಳಬಾರದು. ಬಾಕಿಯ ವಿಷಯದಲ್ಲಿ ಮಾತ್ರ ಯಾವ ಭೇದವೂ ಇಲ್ಲ. ಶಕ್ತಿಯಿದ್ದೂ ಕೊಡಬೇಕಾದ್ದನ್ನು ಮುಂದೂಡುವುದು ಅನ್ಯಾಯವೆಂದು ಬುಖಾರಿ, ಮುಸ್ಲಿಮ್ ಎರಡರಲ್ಲೂ ಬಂದಿದೆ.

ಒಂದು ತಪ್ಪೊಪ್ಪಿಗೆ. ನಿದ್ದೆಗೆಟ್ಟು ಓಡಿಸಬೇಡಿ, ನಮಾಝ್ ಬಿಡಬೇಡಿ, ಡೀಸೆಲ್ ಕದಿಯಬೇಡಿ ಎಂದು ಚಾಲಕರಿಗೆ ನಾವು ವರ್ಷಗಳಿಂದ ಉಪದೇಶಿಸಿದ್ದೇವೆ. ಆಫೀಸ್ ಇಟ್ಟವರಿಗೆ ಎಂದೂ ಏನೂ ಹೇಳಿರಲಿಲ್ಲ. ರಮಝಾನಿನಲ್ಲಿ ಮಸೀದಿಗೆ ದೊಡ್ಡ ರಶೀದಿ ಬರೆಸುವವರು ಅವರು. ಇದಕ್ಕೆ ಅದು ಕಾರಣವಲ್ಲವೆಂದು ನಾವು ಅಂದುಕೊಂಡಿದ್ದೆವು.

ಆ ಖುತ್ಬಾದ ಮರುವಾರ ಒಬ್ಬ ಬುಕಿಂಗ್ ಏಜೆಂಟರು ಅಸರ್ ನಂತರ ಬಂದು ಕುಳಿತರು. 11,000ದ ಪ್ರಕರಣ ಅವರದ್ದಲ್ಲ. ಹಳೆಯ ರಿಜಿಸ್ಟರಿನಿಂದ ಬರೆದುಕೊಂಡ ಒಂದು ಹಾಳೆ ಅವರ ಕೈಯಲ್ಲಿತ್ತು. ಕೊಡದೆ ಉಳಿದ ಸಣ್ಣಪುಟ್ಟ ಬಾಕಿಗಳು, ಶಾರ್ಟೇಜ್ ಎಂದು ಸುಮ್ಮನೆ ಕಡಿದದ್ದು, ಹಾಲ್ಟಿಂಗ್ ಕೊಡುತ್ತೇನೆಂದು ಹೇಳಿ ಮರೆತದ್ದು, ಹೀಗೆ ಒಟ್ಟು 14 ಹೆಸರು. ಇದಿಷ್ಟನ್ನೂ ಸದಕಾ ಮಾಡಿಬಿಟ್ಟರೆ ಆಗುವುದೇ ಎಂದು ಕೇಳಿದರು. ಮೊದಲು ಹಕ್ಕುದಾರನನ್ನು ಹುಡುಕಬೇಕು, ಅವನಿಲ್ಲದಿದ್ದರೆ ವಾರಸುದಾರರನ್ನು, ಸಿಗುವ ಆಸೆಯೇ ಇಲ್ಲವಾದ ಮೇಲೆ ಮಾತ್ರ ಅವನ ಹೆಸರಿನಲ್ಲಿ ದಾನ ಎಂದೆವು. ಈವರೆಗೆ ಒಂಬತ್ತು ಮಂದಿ ಸಿಕ್ಕಿದ್ದಾರೆ. ಇಬ್ಬರು ನಾಮಕ್ಕಲ್ ಕಡೆಯವರು, ಅವರ ಫೋನ್ ನಂಬರ್ ಈಗ ಚಾಲ್ತಿಯಲ್ಲಿಲ್ಲ. ಅತ್ತ ಹೋಗುವ ಲಾರಿಗಳವರ ಕೈಯಲ್ಲಿ ವಿಚಾರಿಸಲು ಹೇಳಿ ಕಳಿಸಿದ್ದಾರೆ.