ಮೊದಲು ಯಾವ ಸಾಣೆಕಲ್ಲು?

ನನ್ನ ಹತ್ತಿರ ಏಳನೇ ತರಗತಿ ಓದಿದ ಹುಡುಗನೊಬ್ಬ ಈಗ ರಾಯದುರ್ಗದಲ್ಲಿ ಅವರಮ್ಮನ ಜೊತೆ ಸಣ್ಣ ಹೋಟೆಲು ನಡೆಸುತ್ತಾನೆ. ಕಳೆದ ತಿಂಗಳು ಶಾಲೆಯ ಗೇಟಿನ ಹತ್ತಿರ ಸಿಕ್ಕಿದ. ಪೇಪರಿನಲ್ಲಿ ಸುತ್ತಿದ್ದ ಚಾಕು ಬಿಚ್ಚಿ ತೋರಿಸಿದ. ಅಂಚಿನುದ್ದಕ್ಕೂ ನೀಲಿ ಬಣ್ಣ! ಮೊಂಡಾಯಿತೆಂದು ಯಾವುದೋ ವೆಲ್ಡಿಂಗ್ ಅಂಗಡಿಯಲ್ಲಿ ಕರೆಂಟಿನ ಗ್ರೈಂಡರಿಗೆ ಹಿಡಿಸಿದ್ದನಂತೆ. ಕಿಡಿ ಹಾರಿಸಿ ಎರಡೇ ನಿಮಿಷದಲ್ಲಿ ಕೊಟ್ಟರು. ಎರಡು ದಿನ ಚೆನ್ನಾಗಿ ಹೆಚ್ಚಿತು. ಮೂರನೇ ದಿನ ಟೊಮ್ಯಾಟೊ ಸಿಪ್ಪೆಯ ಮೇಲೆ ಜಾರಿ ಅವರಮ್ಮನ ಹೆಬ್ಬೆರಳಿಗೆ ಮೂರು ಹೊಲಿಗೆ ಬಿದ್ದವು.

"ಸಾರ್, ಇನ್ಮೇಲೆ ನಾನೇ ಸಾಣೆ ಹಿಡೀತೀನಿ. ಮೊದ್ಲು ಯಾವ್ದು ತಗಳ್ಳಿ?" ಅಂತ ಮೊಬೈಲಿನಲ್ಲಿ ಒಂದೊಂದೇ ತೋರಿಸಿದ. ಸಂದಿಯೊಳಗೆ ಚಾಕು ಎಳೆಯುವ ಪ್ಲಾಸ್ಟಿಕ್ ಸಾಧನ, ಚಾಕನ್ನು ಬಿಗಿದು ಕಡ್ಡಿಯಲ್ಲಿ ಉಜ್ಜುವ ಚೌಕಟ್ಟು, ಸಾವಿರಾರು ರೂಪಾಯಿಯ ಜಪಾನಿ ಕಲ್ಲು, ವಜ್ರದ ಪುಡಿ ಅಂಟಿಸಿದ ತಗಡು.

ನಾನು ಸಮಾಜ ವಿಜ್ಞಾನ ಹೇಳುವ ಮೇಷ್ಟ್ರು, ಚಾಕು ವ್ಯಾಪಾರಿಯಲ್ಲ. ಆದರೆ ಅವನ ಪ್ರಶ್ನೆ ಇವತ್ತಿನದಲ್ಲ. ನಮ್ಮ ಸೀಮೆಯಲ್ಲೇ ಅದಕ್ಕೆ ಮೂರೂವರೆ ಸಾವಿರ ವರ್ಷಕ್ಕೂ ಹೆಚ್ಚಿನ ವಯಸ್ಸಿದೆ.

ಬಳ್ಳಾರಿ ಪಕ್ಕದ ಸಂಗನಕಲ್ಲು ಗುಡ್ಡಗಳನ್ನು ನಮ್ಮ ಮಕ್ಕಳಲ್ಲಿ ಅನೇಕರು ನೋಡಿದ್ದಾರೆ. (ಗಡಿ ಗೆರೆ ಬಿದ್ದದ್ದು 1953ರ ಅಕ್ಟೋಬರ್ 1ರಂದು. ಅಲ್ಲಿಯವರೆಗೆ ರಾಯದುರ್ಗ, ಆದೋನಿ, ಆಲೂರು ತಾಲ್ಲೂಕುಗಳೂ ಬಳ್ಳಾರಿ ಜಿಲ್ಲೆಯವೇ.) ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲಿ ಅಲ್ಲಿನ ಕಲ್ಲುಕೊಡಲಿಗಳ ಬಗ್ಗೆ ಬರೆದ. ಬಿ. ಸುಬ್ಬರಾವ್ ಅಲ್ಲಿ ಉತ್ಖನನ ಮಾಡಿ 1948ರಲ್ಲಿ ಬಳ್ಳಾರಿಯ ಶಿಲಾಯುಗದ ಬಗ್ಗೆ ಪುಸ್ತಕವನ್ನೇ ತಂದರು. ನವಶಿಲಾಯುಗದ ಜನ ಅಲ್ಲಿನ ಕಪ್ಪು ಡಾಲರೈಟ್ ಕಲ್ಲನ್ನು ಒಡೆದು, ಕುಟ್ಟಿ, ಕೊನೆಗೆ ಬಂಡೆಯ ಮೇಲೆ ಉಜ್ಜಿ ಕೊಡಲಿಯ ಬಾಯಿ ಮಾಡುತ್ತಿದ್ದರು. ಉಜ್ಜಿ ಉಜ್ಜಿ ಸವೆದ ಗುಳಿಗಳು ಬಂಡೆಗಳ ಮೇಲೆ ಇಂದಿಗೂ ಇವೆ. ನುಣುಪಾದ, ಉದ್ದನೆಯ ದೊನ್ನೆಯಂಥ ಗುಳಿಗಳು. ಒಂದರಲ್ಲಿ ಅಂಗೈ ಇಟ್ಟು ಹಿಂದೆ ಮುಂದೆ ಆಡಿಸಿ ನೋಡಿ, ತೋಳಿನ ಅಳತೆಗೆ ಸರಿಯಾಗಿ ಕೂಡುತ್ತದೆ.

ಅವರ ಆಯ್ಕೆಯಲ್ಲಿ ಒಂದು ಲೆಕ್ಕವಿತ್ತು. ಗ್ರಾನೈಟಿನಲ್ಲಿ ಬೆಣಚು ಇರುತ್ತದೆ. ಜರ್ಮನಿಯ ಮೋಸ್ 1812ರಲ್ಲಿ ಮಾಡಿದ ಗಡಸುತನದ ಪಟ್ಟಿಯಲ್ಲಿ ಬೆಣಚಿಗೆ 7. ಡಾಲರೈಟಿನ ಮುಖ್ಯ ಖನಿಜಗಳು 6ರ ಆಸುಪಾಸಿನವು. ಗಟ್ಟಿಯದು ಮೆತ್ತನೆಯದನ್ನು ತಿನ್ನುತ್ತದೆ, ಸಾಣೆಯ ವಿದ್ಯೆಯೆಲ್ಲ ಇಷ್ಟೇ. ಮೋಸ್ ಹುಟ್ಟುವ ಎಷ್ಟೋ ಮೊದಲೇ ಅವರಿಗೆ ಇದು ಕೈಯಲ್ಲಿ ತಿಳಿದಿತ್ತು.

ಕಬ್ಬಿಣ, ಉಕ್ಕು ಬಂದ ಮೇಲೆ ಅದಕ್ಕಿಂತ ಗಟ್ಟಿಯ ಕಲ್ಲು ಬೇಕಾಯಿತು. ಮರಳುಗಲ್ಲು ಅಡುಗೆ ಮನೆಗೆ ಸಾಕು, ಆದರೆ ರತ್ನಪಡಿಗಾರರಿಗೆ ಸಾಲದು. ಅವರಿಗೆ ಸಿಕ್ಕಿದ್ದು ಕುರುಂದ, ಗಡಸುತನ 9. ಸೇಲಂ, ಅನಂತಪುರ, ಹಳೆಯ ಮೈಸೂರು ಸೀಮೆಯ ಮಣ್ಣಿನಲ್ಲಿ ಅದು ಸಿಗುತ್ತದೆ. ಪುಡಿ ಮಾಡಿ, ಅರಗು ಕಾಯಿಸಿ ಕಲಸಿ ಚಕ್ರ ಮಾಡಿಕೊಂಡರೆ ಸಾಣೆ ಸಿದ್ಧ. ಸಂಸ್ಕೃತದ ಕುರುವಿಂದ, ತಮಿಳಿನ ಕುರುಂದಂ, ನಮ್ಮ ಕುರುಂದ ಎಲ್ಲ ಒಂದೇ ಬಳ್ಳಿಯ ಕಾಯಿಗಳು. ಇಂಗ್ಲೆಂಡಿನ ಗ್ರೆವಿಲ್ ಎಂಬಾತ 1798ರಲ್ಲಿ ಈ ಕಲ್ಲಿನ ಬಗ್ಗೆ ರಾಯಲ್ ಸೊಸೈಟಿಗೆ ಲೇಖನ ಬರೆದಾಗ ಹೆಸರಿಟ್ಟದ್ದು 'ಕೊರಂಡಂ', ಅಂದರೆ ನಮ್ಮದೇ ಮಾತು.

ಮುಂದಿನದು ಇನ್ನೂ ಸ್ವಾರಸ್ಯ. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚಿಸನ್ ಕೃತಕ ವಜ್ರ ಮಾಡಲು ಹೊರಟು, ಜೇಡಿಮಣ್ಣು ಮತ್ತು ಕೋಕಿನ ಪುಡಿಯ ಮೂಲಕ ವಿದ್ಯುತ್ ಹರಿಸಿದ. ವಜ್ರವಾಗಲಿಲ್ಲ, ಹೊಳೆಯುವ ಹರಳುಗಳಾದವು. ಇಂಗಾಲವೂ ಕುರುಂದವೂ ಸೇರಿದ ವಸ್ತು ಎಂದು ತಪ್ಪು ತಿಳಿದು 'ಕಾರ್ಬೊರಂಡಂ' ಎಂದು ಹೆಸರಿಟ್ಟ. ನಿಜವಾಗಿ ಅದು ಸಿಲಿಕಾನ್ ಕಾರ್ಬೈಡ್. ತಪ್ಪು ಹೆಸರೇ ನಿಂತಿತು. ಗಡಸುತನದಲ್ಲಿ ಅದು ಕುರುಂದಕ್ಕೂ ವಜ್ರಕ್ಕೂ ನಡುವೆ. ನಯಾಗರಾ ಜಲಪಾತದ ಕರೆಂಟು ಸಿಕ್ಕ ಮೇಲೆ ರಾಶಿಗಟ್ಟಲೆ ತಯಾರಾಯಿತು. 1954ರಲ್ಲಿ ಮದರಾಸಿನಲ್ಲಿ ಮುರುಗಪ್ಪ ಬಳಗದವರು ವಿದೇಶಿ ಕಂಪನಿಗಳ ಜೊತೆ ಸೇರಿ ಕಾರ್ಬೊರಂಡಂ ಯುನಿವರ್ಸಲ್ ಆರಂಭಿಸಿದರು. ಹಿಂದಿನ ವರ್ಷವಷ್ಟೇ ನಾವು ಮದರಾಸು ರಾಜ್ಯದಿಂದ ಹೊರಬಿದ್ದಿದ್ದೆವು! ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಬೂದು ಬಣ್ಣದ ಎರಡು ಮುಖದ ಕಲ್ಲು ಸಾಮಾನ್ಯವಾಗಿ ಈ ವಸ್ತುವಿನದೇ.

ಇಲ್ಲಿಗೆ ಹುಡುಗ, "ಹಂಗಾದ್ರೆ ಗ್ರೈಂಡರ್ರೂ ಅದೇ ಜಾತಿ ಕಲ್ಲಲ್ವಾ ಸಾರ್, ಬೇಗ ಆಗುತ್ತೆ" ಎಂದ. ಅವನಿಗೆ ಇಂಗ್ಲೆಂಡಿನ ಶೆಫೀಲ್ಡ್ ಊರಿನ ಕಥೆ ಹೇಳಬೇಕಾಯಿತು.

ಶೆಫೀಲ್ಡ್ ಎಂದರೆ ಚಾಕು, ಕತ್ತರಿಗಳ ಊರು. 19ನೇ ಶತಮಾನದಲ್ಲಿ ಅಲ್ಲಿ ಸಾಣೆ ಹಿಡಿಯುವವರು ತಿರುಗುವ ದೊಡ್ಡ ಮರಳುಗಲ್ಲಿನ ಹಿಂದೆ, ಕುದುರೆ ಏರಿದಂತೆ ಮರದ ಪೀಠದ ಮೇಲೆ ಕೂತು ದಿನವಿಡೀ ಬಗ್ಗಿ ಕೆಲಸ ಮಾಡುತ್ತಿದ್ದರು. ಚಾಕುವಿಗೆ ನೀರು ಹಾಕಿ ಉಜ್ಜುತ್ತಿದ್ದರು. ಫೋರ್ಕು, ಸೂಜಿಗಳನ್ನು ಒಣ ಕಲ್ಲಿನಲ್ಲೇ. ಒಣ ಕಲ್ಲಿನ ದೂಳು ನೇರ ಶ್ವಾಸಕೋಶಕ್ಕೆ. ಎಂಗೆಲ್ಸ್ 1845ರ ತನ್ನ ಪುಸ್ತಕದಲ್ಲಿ ಅಲ್ಲಿನ ವೈದ್ಯ ನೈಟ್ ಹೇಳಿದ್ದನ್ನು ದಾಖಲಿಸಿದ್ದಾನೆ: ಒಣ ಕಲ್ಲಿನವರ ಸರಾಸರಿ ಆಯಸ್ಸು 35 ಮುಟ್ಟುವುದೇ ಕಷ್ಟ, ನೀರಿನ ಕಲ್ಲಿನವರು 45 ದಾಟುವುದು ಅಪರೂಪ. ಅದೇ ಊರು, ಅದೇ ಕಸುಬು, ನಡುವೆ ಇದ್ದ ವ್ಯತ್ಯಾಸ ನೀರು. ದೂಳು ಹಿಡಿಯುವ ಸಾಧನ ತಂದರೆ ಕೆಲಸಗಾರರೇ ಕೆಲವೆಡೆ ಅದನ್ನು ಮುರಿದುಹಾಕಿದರಂತೆ. ಕಸುಬು ಸುರಕ್ಷಿತವಾದರೆ ಹೆಚ್ಚು ಜನ ಬಂದು ಕೂಲಿ ಇಳಿದೀತು ಎಂಬ ಭಯ! ಪಾಠ ಮಾಡುವಾಗ ಈ ಸಾಲಿಗೆ ಬಂದರೆ ನನಗೆ ಮುಂದೆ ಹೋಗಲು ಸ್ವಲ್ಪ ಹೊತ್ತು ಬೇಕು. 20ನೇ ಶತಮಾನದಲ್ಲಿ ಕೃತಕ ಕಲ್ಲುಗಳು ಮರಳುಗಲ್ಲಿನ ಜಾಗ ಹಿಡಿದವು, ಆ ಸಾವುಗಳು ತಗ್ಗಿದವು. ನಮ್ಮವರೂ ಹೊರತಲ್ಲ. ಮಧ್ಯಪ್ರದೇಶದ ಮಂದಸೌರಿನಲ್ಲಿ ಮಕ್ಕಳ ಬಳಪ ಕೊಯ್ದವರಿಗೆ ಬಂದದ್ದೂ ಇದೇ ರೋಗ, ಸಿಲಿಕೋಸಿಸ್. ಆ ಬಳಪವನ್ನು ಕೈಯಲ್ಲಿ ಹಿಡಿದು ಅಕ್ಷರ ಕಲಿತವರು ನಾವು.

ಗ್ರೈಂಡರಿನ ಇನ್ನೊಂದು ತೊಂದರೆ ಅವನ ಚಾಕಿನ ಮೇಲೇ ಬರೆದಿತ್ತು. ಉಕ್ಕು 300 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾದರೆ ನೀಲಿಯಾಗುತ್ತದೆ. ಕಮ್ಮಾರ ಹಾಕಿದ ಹದ ಅಲ್ಲಿಗೆ ಇಳಿಯಿತು. ಮೆತ್ತಗಾದ ಅಂಚು ಎರಡು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ.

ಹಾಗಾಗಿ ನಾನು ಹೇಳಿದ್ದು ಎರಡು ಮುಖದ ಕಲ್ಲು ಒಂದು, ಪಕ್ಕದಲ್ಲಿ ಒಂದು ಬಟ್ಟಲು ನೀರು. ಒಂದು ಮುಖ ಒರಟು, ಇನ್ನೊಂದು ನಯ. ಕಲ್ಲಿನ ಮೇಲೆ ಅಂಕಿ ಇದ್ದರೆ, ಅಂಕಿ ದೊಡ್ಡದಾದಷ್ಟೂ ಕಣ ಸಣ್ಣ. ಸಂದಿಯಲ್ಲಿ ಎಳೆಯುವ ಸಾಧನ ಉಕ್ಕನ್ನು ಹೆರೆದು ತಿನ್ನುತ್ತದೆ. ಕಡ್ಡಿಯ ಚೌಕಟ್ಟು ಕೋನವನ್ನು ತಾನೇ ಹಿಡಿಯುತ್ತದೆ ನಿಜ, ಕೈ ತೀರ ನಡುಗುವವರಿಗೆ ಅದು ಒಳ್ಳೆಯದೇ. ಆದರೆ ಹೋಟೆಲಿನ ಅಷ್ಟುದ್ದ ಚಾಕನ್ನು ಅದರಲ್ಲಿ ಮತ್ತೆ ಮತ್ತೆ ಬಿಚ್ಚಿ ಬಿಗಿಯುವಷ್ಟರಲ್ಲಿ ಗಿರಾಕಿ ಎದ್ದು ಹೋಗಿರುತ್ತಾನೆ. ಜಪಾನಿ ಕಲ್ಲು ಆಮೇಲೆ ನೋಡೋಣ.

ಕೋನಕ್ಕೆ ಕಾಗದ ಸಾಕು. ಹಾಳೆಯ ಮೂಲೆ 90 ಡಿಗ್ರಿ, ಮಡಚಿದರೆ 45, ಇನ್ನೊಮ್ಮೆ ಮಡಚಿದರೆ 22.5. ಅಡುಗೆ ಚಾಕಿಗೆ ಸುಮಾರು 20 ಡಿಗ್ರಿ ಬೇಕು, ಆ ಮಡಿಕೆಗಿಂತ ಕೂದಲಷ್ಟು ಕಡಿಮೆ. ಒರಟು ಮುಖದಲ್ಲಿ ಒಂದು ಪಕ್ಕ ಉಜ್ಜುತ್ತಾ ಹೋದರೆ ಆಚೆ ಪಕ್ಕದಲ್ಲಿ ತೆಳ್ಳನೆಯ ಅಂಚು ಎದ್ದು ಉಗುರಿಗೆ ತಡೆಯುತ್ತದೆ. ಆಗ ತಿರುಗಿಸು. ಎರಡೂ ಪಕ್ಕ ಆದ ಮೇಲೆ ನಯ ಮುಖದಲ್ಲಿ ಹಗುರವಾಗಿ ಮುಗಿಸು. ನೀಲಿಯೆಲ್ಲ ಹೋಗುವ ತನಕ ಈ ಸಲ ತಾಳ್ಮೆ ಬೇಕು ಎಂದೆ.

ಕಳೆದ ವಾರ ಹೋಟೆಲಿಗೆ ಹೋಗಿದ್ದೆ. ಅಮ್ಮನ ಹೊಲಿಗೆ ಬಿಚ್ಚಿದ್ದಾರೆ. ಚಾಕಿನಲ್ಲಿ ಹಿಡಿಯ ಹತ್ತಿರ ಅರ್ಧ ಇಂಚು ನೀಲಿ ಉಳಿದಿದೆ, ಮುಂದಿನದೆಲ್ಲ ಬೆಳ್ಳಗೆ. "ಮೇಷ್ಟ್ರೇ, ಮೂರು ರಾತ್ರಿ ಕೂತು ಉಜ್ಜಿದ್ದಾನೆ" ಎಂದು ಅವರು ಟೊಮ್ಯಾಟೊ ಹೆಚ್ಚುತ್ತಲೇ ಹೇಳಿದರು. ಹುಡುಗ ಒಳಗಿನಿಂದ ಕುಡುಗೋಲು ಹಿಡಿದು ಬಂದ. ನೋಡಿದೆ, ಹಲ್ಲಿನ ಕುಡುಗೋಲು.

"ಇದನ್ನ ಮಾತ್ರ ಕಲ್ಲಿಗೆ ಹಾಕಬೇಡಪ್ಪ, ಹಲ್ಲು ಹೋಗುತ್ತೆ. ಕಮ್ಮಾರರ ಹತ್ರ ತಗೊಂಡು ಹೋಗು" ಎಂದೆ.